ಇಪ್ಪತ್ತು ಅಡಿ, ಇಪ್ಪತ್ತೆಂಟು ಅಡಿ

ಬೆಳಗಾವಿಯಿಂದ ಮುಂಬಯಿಗೆ ಹೊರಟವರು ನಾವು ಮೂವರು: ನಾನು, ನನ್ನ ಅಣ್ಣನ ಹೆಂಡತಿ ಗಂಗಾವೈನಿ, ಅವರ ತೊಡೆಯ ಮೇಲೆ ಎಂಟು ತಿಂಗಳ ಪ್ರಭು. ಗಾಡಿ ಬಿಡಲು ಐದು ನಿಮಿಷ ಉಳಿದಾಗ ಅವ್ವನಿಗೆ ಈ ಲೆಕ್ಕ ಹೊಳೆಯಿತು. "ಮೂರ ಮಂದಿ ಹೊಂಟ್ರ ಮೂರಾಬಟ್ಟಿ," ಎಂದು ಗಾಬರಿಯಾಗಿ ಸಂಚಿಯಿಂದ ಒಂದು ಅಡಿಕೆ ತೆಗೆದು ವೈನಿಯ ಸೆರಗಿನ ತುದಿಗೆ ಗಂಟು ಹಾಕಿದಳು. ಅಡಿಕೆಯೂ ಸೇರಿ ನಾವು ನಾಲ್ವರಾದೆವು. ನಾನು ಶಾಲೆಯಲ್ಲಿ ಮಕ್ಕಳಿಗೆ ಗಣಿತ ಕಲಿಸುವವಳು. ಅಡಿಕೆಯನ್ನು ಮನುಷ್ಯರ ಸಾಲಿಗೆ ಸೇರಿಸುವ ಗಣಿತ ನನಗೆ ನಗು ತರಿಸಿತು. ಆದರೆ ಅವ್ವನ ಮುಖ ನೋಡಿ ನಗು ನುಂಗಿಕೊಂಡೆ.

ಅವ್ವ ಹಾಗೆ ಅಂಜುವುದಕ್ಕೆ ಕಾರಣವಿತ್ತು. ಮುಂಬಯಿಯ ಒಂದು ಕಂಪನಿಯಲ್ಲಿ ಗುಮಾಸ್ತನಾಗಿದ್ದ ಶಿವಾನಂದಣ್ಣನಿಗೆ ಹಿಂದಿನ ವರ್ಷ ಕ್ಷಯ ಎಂದು ಗೊತ್ತಾಯಿತು. ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ, 'ಆ ಬ್ಯಾನಿ' ಎನ್ನುತ್ತಿದ್ದರು. ಬಸುರಿಯಾಗಿದ್ದ ವೈನಿಯನ್ನು ಊರಿಗೆ ಕಳಿಸಿ ಅವನು ಗೋರೆಗಾಂವ್ ಕಡೆಯ ಒಂದು ಆರೋಗ್ಯಧಾಮ ಸೇರಿದ. ಮಗ ಹುಟ್ಟಿದ ಸುದ್ದಿ ಅವನಿಗೆ ತಾರಿನಲ್ಲಿ ಮುಟ್ಟಿತು. ಹೆಂಡತಿ ಬಂದು ನೋಡಬಹುದು, ಕೂಸನ್ನು ಮಾತ್ರ ಹತ್ತಿರ ತರಕೂಡದು ಎಂದು ಡಾಕ್ಟರರು ಬರೆದಿದ್ದರು. ಅವ್ವನಿಗೆ ಮಂಡಿನೋವು, ಪ್ರಯಾಣ ಆಗದು. ಅವಳು ನನ್ನನ್ನು ಕರೆದು ಹೇಳಿದ್ದು ಇಷ್ಟೇ: "ಹ್ಯಾಂಗರ ಮಾಡಿ ಅಪ್ಪಾ ಮಗನ್ನ ಒಂದ ಫೋಟೋದಾಗ ಕೂಡಸು. ನನ್ನ ಕಣ್ಣಿಗೆ ಅಷ್ಟ ಸಾಕು. ಆದ್ರ ಮೂರ ಮಂದೀನ ಕೂಡಸಿ ತಗೀಬ್ಯಾಡ." ಮೂವರು ಕೂಡಿ ಫೋಟೊ ತೆಗೆಸಿಕೊಂಡರೆ ಒಬ್ಬರು ಉಳಿಯುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ.

ಕ್ಯಾಮರಾ ಅಣ್ಣನದೇ. ಮುಂಬಯಿಗೆ ಹೋದ ಮೊದಲ ವರ್ಷ ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡದ್ದು. ಜರ್ಮನಿಯಲ್ಲಿ ಮಾಡಿದ್ದು, ಮಡಚಿದರೆ ದಪ್ಪ ಪಂಚಾಂಗದಷ್ಟು. ಗುಂಡಿ ಒತ್ತಿದರೆ ಮುಚ್ಚಳ ಬಿದ್ದು, ಕಮ್ಮಾರನ ತಿದಿಯಂಥ ಕಪ್ಪು ಚರ್ಮದ ಮಡಿಕೆಯೊಂದಿಗೆ ಕಣ್ಣು ಮುಂದೆ ಬರುತ್ತದೆ. ಆಸ್ಪತ್ರೆ ಸೇರುವಾಗ ಅವನು ಅದನ್ನು ಊರಿನವರೊಬ್ಬರ ಕೈಯಲ್ಲಿ ನನಗೆ ಕಳಿಸಿದ. ಜೊತೆಗೆ ಆರು ಹಾಳೆಯ ಕಾಗದ. ಗಬಕ್ಕನೆ ತೆರೆಯಬೇಡ, ಗಾಳಿ ಎಳೆದು ಒಳಗಿನ ರೀಲು ಉಬ್ಬುತ್ತದೆ. ಅಂತರವನ್ನು ಕಣ್ಣಳತೆಯಲ್ಲಿ ಅಡಿಗಳಲ್ಲಿ ಎಣಿಸಿ ಚಕ್ರ ತಿರುಗಿಸು. ಮೊದಲು ಸಣ್ಣ ಸನ್ನೆಕೋಲು ಎಳೆದು ಆಮೇಲೆ ಫೋಟೊ ತೆಗೆಯುವ ಗುಂಡಿ ಒತ್ತು. ಬೆನ್ನ ಮೇಲಿನ ಕೆಂಪು ಕಿಂಡಿಯಲ್ಲಿ ಅಂಕಿ ನೋಡುತ್ತ ರೀಲು ಸುತ್ತು. ಒಂದು ರೀಲಿಗೆ ಎಂಟೇ ಫೋಟೊ, ಹತ್ತು ಸಲ ಯೋಚಿಸು. ಕಾಯಿಲೆಯ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಮೂರನೆಯ ದರ್ಜೆಯ ಟಿಕೀಟು, ತಲೆಗೆ ಹತ್ತು ರೂಪಾಯಿಯ ಒಳಗೇ ಆಯಿತು. ಮಿರಜದಲ್ಲಿ ಕತ್ತಲಾಯಿತು. ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಿಚ್ಚಿದೆವು. ಎದುರಿಗಿದ್ದ ಮರಾಠಿ ಅಜ್ಜಿಯೊಬ್ಬಳು ಪ್ರಭುವನ್ನು ಎತ್ತಿಕೊಂಡು ವೈನಿಗೆ ಉಣ್ಣಲು ಬಿಡುವು ಮಾಡಿಕೊಟ್ಟಳು. ಎಲ್ಲಿಗೆ, ಯಾರ ಮನೆಗೆ ಎಂದು ಕೇಳಿದಳು. ವೈನಿ "ಇವನ ಅಪ್ಪನ ಕಡೆ" ಎಂದಷ್ಟೇ ಹೇಳಿ ಹೊರಗೆ ನೋಡಿದರು. ಆಸ್ಪತ್ರೆ ಎಂದಿದ್ದರೆ ಅಜ್ಜಿ ಕೂಸನ್ನು ಕೆಳಗಿಡುತ್ತಿದ್ದಳೋ ಏನೋ.

ಬೆಳಿಗ್ಗೆ ಪುಣೆಯಲ್ಲಿ ಗಾಡಿ ಬದಲಿಸಿದೆವು. ಘಟ್ಟ ಇಳಿಯುವಾಗ ನನಗೆ ತಡೆಯಲಾಗಲಿಲ್ಲ, ಕ್ಯಾಮರಾ ಬಿಚ್ಚಿದೆ. ಸುರಂಗದಿಂದ ಹೊರಬಂದ ಕೂಡಲೇ ಕಣಿವೆಯ ಕಡೆ ಹಿಡಿದು ಒತ್ತಿದೆ, ರೀಲು ಸುತ್ತಿದೆ. ಸುತ್ತಿದ ಮೇಲೆ ನೆನಪಾಯಿತು, ಸನ್ನೆಕೋಲು ಎಳೆದೇ ಇರಲಿಲ್ಲ. ಕಣ್ಣು ತೆರೆಯದೇ ಒಂದು ಫೋಟೊ ವ್ಯರ್ಥವಾಯಿತು. ಸಿಟ್ಟಿಗೆ ಇನ್ನೊಂದು ತೆಗೆದೆ, ಅಷ್ಟರಲ್ಲಿ ಮುಂದಿನ ಸುರಂಗ ಬಂತು. ದಾದರಿನ ಸೇತುವೆಯ ಮೇಲೆ ಮೂರನೆಯದು: ಅಷ್ಟೊಂದು ಮಂದಿ ಒಟ್ಟಿಗೆ ನಡೆಯುವುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ವೈನಿ ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಟ್ರಂಕು ಹಿಡಿದು ನಿಂತು, "ಸುಶೀ, ಊರ ನೋಡಾಕ ಬಂದೀವೇನು?" ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದ ನನಗೆ ಇನ್ನೂ ನಾಚಿಕೆಯಾಯಿತು.

ನಾವು ಇಳಿದುಕೊಂಡದ್ದು ವಿಲೆ ಪಾರ್ಲೆಯಲ್ಲಿ ಅವ್ವನ ತಂಗಿ ಪಾರ್ವತಿ ಚಿಗವ್ವನ ಮನೆ. ಚಾಳಿನ ಎರಡನೆಯ ಮಾಳಿಗೆ, ಎರಡು ಖೋಲಿ, ಮುಂದೆ ಕಟ್ಟಿಗೆಯ ಉದ್ದನೆಯ ಗ್ಯಾಲರಿ. ನಳಕ್ಕೆ ನೀರು ಬೆಳಿಗ್ಗೆ ಎರಡು ತಾಸು ಮಾತ್ರ. ಚಿಗವ್ವನ ಗಂಡ ಬಟ್ಟೆ ವ್ಯಾಪಾರದ ಮೇಲೆ ಊರೂರು ಅಲೆಯುವವರು, ಆಗ ಸುರತಿಗೆ ಹೋಗಿದ್ದರು. ಹದಿನಾಲ್ಕರ ಮಗಳು ಲೀಲಾ ಬಾಗಿಲಲ್ಲೇ ಪ್ರಭುವನ್ನು ಕಿತ್ತುಕೊಂಡಳು. "ಅಕ್ಕಾ, ಬೇಬಿ ನನ್ನ ಹತ್ರ ಕೊಡು ನಾ! ಮೈ ಸಂಭಾಲತೀ." ಆ ಹುಡುಗಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಬಾಯಿಂದ ಬರುವಾಗ ಅರ್ಧ ಹಿಂದಿಯಾಗುತ್ತಿತ್ತು. ಪ್ರಭುವನ್ನು ಎತ್ತಿಕೊಂಡ ಅವಳ ಫೋಟೊ ಗ್ಯಾಲರಿಯಲ್ಲಿ ತೆಗೆದೆ. ಮರುದಿನ ಜುಹೂ ಸಮುದ್ರದ ದಂಡೆಯಲ್ಲಿ ಬರೀ ನೀರಿನದು ಒಂದು. ಹೀಗೆ ಐದು ಮುಗಿದವು. ಮುಂಬಯಿಯಲ್ಲಿ ರೀಲಿಗೇನು ಬರ ಎಂದು ನಾನು ತಿಳಿದಿದ್ದೆ. ಪಾರ್ಲೆಯ ಅಂಗಡಿಯವನೂ ದಾದರಿನವನೂ ತಲೆಯಾಡಿಸಿದರು: ಹೊರದೇಶದ ಮಾಲು ಬರುವುದು ಕಡಿಮೆಯಾಗಿದೆ, ಬಂದರೆ ಹೇಳುತ್ತೇವೆ.

ಚಿಗವ್ವ ಒಳ್ಳೆಯವಳು. ನಮಗೆ ಹಾಸಿಗೆ ಬಿಟ್ಟು ತಾನು ನೆಲದ ಮೇಲೆ ಮಲಗಿದಳು. ಆದರೆ ಒಂದು ವರ್ಷದಲ್ಲಿ ಒಮ್ಮೆಯೂ ಅಣ್ಣನನ್ನು ನೋಡಲು ಹೋಗಿರಲಿಲ್ಲ. ಪಕ್ಕದ ಖೋಲಿಯಲ್ಲಿ ಇದೇ ಬ್ಯಾನಿಯಿಂದ ಗಂಡ, ಆಮೇಲೆ ಹೆಂಡತಿ ತೀರಿಕೊಂಡದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. "ನನಗ ಧೈರ್ಯ ಆಗಲಿಲ್ಲ, ಗಂಗಾ," ಎಂದು ಮೊದಲ ದಿನವೇ ಹೇಳಿ ಅತ್ತಳು. ಮುಚ್ಚಿಡದೆ ಹೇಳಿದಳಲ್ಲ ಎಂದು ನನಗೆ ಅವಳ ಮೇಲೆ ಗೌರವವೇ ಬಂತು.

ಆರೋಗ್ಯಧಾಮದಲ್ಲಿ ಭೇಟಿಗೆ ಬುಧವಾರ ಮತ್ತು ಭಾನುವಾರ ಅವಕಾಶ. ಬುಧವಾರ ಪ್ರಭುವನ್ನು ಲೀಲಾಳಿಗೆ ಒಪ್ಪಿಸಿ ನಾವಿಬ್ಬರೂ ಲೋಕಲ್ ಹತ್ತಿದೆವು. ಅಂಧೇರಿ, ಜೋಗೇಶ್ವರಿ ದಾಟಿದರೆ ಗೋರೆಗಾಂವ್. ಅಲ್ಲಿಂದ ಕುದುರೆ ಗಾಡಿ, ಗುಡ್ಡದ ಕಡೆಗೆ ಎರಡು ಮೈಲಿ. ಹುಲ್ಲಿನ ಬಯಲು, ಎಮ್ಮೆಗಳು, ತಾಳೆಮರ. ಇದೂ ಮುಂಬಯಿಯೇ ಎಂದು ಗಾಡಿಯವನು ಆಣೆ ಮಾಡಿ ಹೇಳಬೇಕಾಯಿತು. ಹಂಚಿನ ಉದ್ದನೆಯ ಕಟ್ಟಡಗಳು, ಒಂದು ಬದಿ ಪೂರ್ತಿ ಗೋಡೆಯಿಲ್ಲದೆ ಗಾಳಿಗೆ ತೆರೆದಿದ್ದವು. ಸಾಲು ಮಂಚಗಳಲ್ಲಿ ಗಂಡಸರು ಬೆಳಕಿನ ಕಡೆ ಮುಖ ಮಾಡಿ ಸುಮ್ಮನೆ ಕೂತಿದ್ದರು.

ಅಣ್ಣ ಹೊರಗೆ ಕಲ್ಲುಬೆಂಚಿನ ಮೇಲಿದ್ದ. ಅಂಗಿಯ ಕಾಲರಿನಲ್ಲಿ ಕತ್ತು ಎರಡು ಬೆರಳು ಸಡಿಲಾಗಿತ್ತು. ವೈನಿ ನಾಲ್ಕು ಮಾರು ದೂರದಲ್ಲೇ ನಿಂತುಬಿಟ್ಟರು, ಸೆರಗು ಬಾಯಿಗೆ ಹೋಯಿತು. ಅವನು ಅವರ ಕಡೆ ಒಂದು ಗಳಿಗೆ ನೋಡಿ, ನನ್ನ ಕಡೆ ತಿರುಗಿ, "ಕ್ಯಾಮರಾ ತಂದಿ?" ಅಂದ. ನನಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ವರ್ಷದ ಮೇಲೆ ಹೆಂಡತಿಯ ಮುಖ ನೋಡಿದವನು ಆಡುವ ಮೊದಲ ಮಾತು ಇದೇ? ಆಮೇಲೆ ತಿಳಿಯಿತು, ಬೇರೆ ಏನು ಕೇಳಿದ್ದರೂ ಅವನ ದನಿ ಒಡೆಯುತ್ತಿತ್ತು.

"ಎಷ್ಟ ಉಳದಾವು?"

"ಮೂರು."

"ಐದು ಏನ್ ಮಾಡಿದಿ?"

"ಒಂದ್ರಾಗ ಸನ್ನೆಕೋಲು ಎಳೀಲಿಲ್ಲ. ಒಂದ್ರಾಗ ಸುರಂಗ ಬಂತು..."

"ಶಾಬಾಸ್!" ಎಂದು ನಕ್ಕ. ನಗು ಕೆಮ್ಮಾಯಿತು. ಕರವಸ್ತ್ರ ಬಾಯಿಗೆ ಒತ್ತಿ, ತಗಡಿನ ಮುಚ್ಚಳದ ಡಬ್ಬಿ ತೆಗೆದುಕೊಂಡು ಆಚೆ ತಿರುಗಿ ಕೂತ. ವೈನಿ ಹತ್ತಿರ ಹೋಗಿ ಬೆನ್ನು ನೀವಲು ಕೈ ಎತ್ತಿದರು. ಅವನು ಕೈ ಬೀಸಿ ಬೇಡವೆಂದ.

ಡಾಕ್ಟರರು ಮರಾಠಿಯವರು, ವಯಸ್ಸಾದವರು. ಫೋಟೋದ ವಿಷಯ ಕೇಳಿ ಕಷ್ಟದಿಂದ ಒಪ್ಪಿದರು: ಬಯಲಿನಲ್ಲಿ, ಬಿಸಿಲಿನಲ್ಲಿ, ಐದೇ ನಿಮಿಷ, ತಂದೆಗೂ ಮಗುವಿಗೂ ನಡುವೆ ಎಂಟು ಅಡಿ. "ಎಂಟು ಅಡಿ ಎಂದರೆ ಎಂಟು ಅಡಿ," ಎಂದು ಬೆರಳು ತೋರಿಸಿದರು. ನಾನು ಬೆಂಚಿಗೆ ಬಂದು ಹೇಳಿದಾಗ ವೈನಿಯ ಮುಖ ಇಳಿಯಿತು. ಎಂಟು ಅಡಿ ದೂರ ನಿಂತವರು ಫೋಟೋದಲ್ಲಿ ಕೂಡಿದಂತೆ ಹೇಗಾಗುತ್ತದೆ?

ಅಣ್ಣ ಮಾತ್ರ ಹುರುಪಿಗೆ ಬಂದ. ಬೆಂಚಿನ ಮೇಲೆ ಔಷಧದ ಸೀಸೆ ಇಟ್ಟ, ಅದರ ಮುಂದೆ ಗೇಣು ಅಂತರದಲ್ಲಿ ಬೆಂಕಿಪೊಟ್ಟಣ. "ಇಲ್ಲಿ ಬಾ, ಕೆಳಗ ಕುಂದ್ರು, ಒಂದ ಕಣ್ಣ ಮುಚ್ಚಿ ನೋಡು. ಕೂಡೇ ಕಾಣತಾವಿಲ್ಲ? ಕ್ಯಾಮರಾಕ್ಕ ಒಂದ ಕಣ್ಣು. ನಡುವ ಎಷ್ಟ ಜಾಗ ಐತಿ ಅಂತ ಅದಕ್ಕ ತಿಳಿಯೂದಿಲ್ಲ. ನಾ ಹಿಂದ, ಕೂಸು ಮುಂದ. ಹತ್ತರಕಿಂದ ತಗದ್ರ ನಾ ಗೊಂಬಿ ಹಂಗ ಸಣ್ಣ ಕಾಣತೇನಿ. ದೂರ ಹೋಗು. ಕೂಸಿಗೆ ಇಪ್ಪತ್ತ ಅಡಿ, ನನಗ ಇಪ್ಪತ್ತೆಂಟು. ಚಕ್ರಾ ಇಪ್ಪತ್ತೈದಕ್ಕ, ಕಣ್ಣಿನ ತೂತು ಹದಿನಾರರ ಅಂಕಿಗೆ ಸಣ್ಣ ಮಾಡು. ಇಬ್ಬರೂ ಚೊಕ್ಕ ಬರತೇವಿ." ಅಷ್ಟು ಮಾತಿಗೆ ಉಬ್ಬಸ ಬಂತು. ಆದರೂ ಬೆರಳುಗಳಿಂದ ಸೀಸೆಯನ್ನು ಎಡಕ್ಕೂ ಬಲಕ್ಕೂ ಸರಿಸುತ್ತಲೇ ಇದ್ದ. ರೋಗಿ ಹೋಗಿ, ನನಗೆ ಸೈಕಲ್ ಕಲಿಸಿದ ಹಳೆಯ ಅಣ್ಣ ಒಂದು ಗಳಿಗೆ ತಿರುಗಿ ಬಂದಿದ್ದ.

ಕೂಸನ್ನು ಹಿಡಿಯುವವರು ಯಾರು ಎಂಬುದು ಆಮೇಲಿನ ತೊಡಕು. ವೈನಿ ಹಿಡಿದರೆ ಫೋಟೋದಲ್ಲಿ ಮೂವರಾಗುತ್ತಾರೆ. "ಕೂಸು ಲೆಕ್ಕಕ್ಕ ಬರತೈತೇನು? ಹಲ್ಲ ಬರ್ಲಿ ಮೊದಲ," ಎಂದ ಅಣ್ಣ. ವೈನಿ ಒಪ್ಪಲಿಲ್ಲ. "ಮೂರ ಮಂದಿ ಕುಂತ್ರ ಏನಾಗತೈತಿ ಗಂಗಾ? ಆಗೂದು ಆಗೇ ಐತಿ," ಅಂದುಬಿಟ್ಟ. ವೈನಿಯ ಕಣ್ಣು ತುಂಬಿದ್ದು ನೋಡಿ ಹಟ ಬಿಟ್ಟ. ಕೊನೆಗೆ ಉಪಾಯ ವೈನಿಯೇ ಹೇಳಿದರು. ಹಳೆ ಸೀರೆಗಳಿಂದ ಅವ್ವ ಹೊಲಿದ ಕೌದಿ ತಂದಿದ್ದೆವು. ಕೂಸನ್ನು ಒಂದು ಸ್ಟೂಲಿನ ಮೇಲೆ ಕೂಡಿಸಿ, ತಾವು ಕೌದಿ ಹೊದ್ದು ಅದರ ಹಿಂದೆ ಕೂತು, ಒಳಗಿನಿಂದ ಕೈ ಹಾಕಿ ಹಿಡಿಯುವುದು ಎಂದರು. ನೋಡಿದವರಿಗೆ ಕೌದಿ ಹೊದಿಸಿದ ಕುರ್ಚಿಯಂತೆ ಕಾಣುತ್ತದೆ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿದ್ದೆವು. ಆಕಾಶ ಸ್ವಚ್ಛವಾಗಿತ್ತು, ಬಿಸಿಲು ಎಡದಿಂದ ಬೀಳುತ್ತಿತ್ತು. ಅಣ್ಣ ಆಗಲೇ ಬಯಲಿಗೆ ಬಂದು ನಿಂತಿದ್ದ. ಗಡ್ಡ ಹೆರೆದುಕೊಂಡು, ಮದುವೆಯ ಕೋಟು ಹಾಕಿಕೊಂಡಿದ್ದ. ಅದು ಅವನ ಮೇಲೆ ಗೂಟಕ್ಕೆ ತೂಗುಹಾಕಿದಂತಿತ್ತು. ಅಡಿಗೆಮನೆಯ ಶೀನ ಭಟ್ಟರು ಸ್ಟೂಲು ಹೊತ್ತು ತಂದರು, ಕೂಸಿನ ಗಮನ ಸೆಳೆಯಲು ಒಂದು ತಟ್ಟೆ, ಸೌಟೂ ತಂದರು. ಉಡುಪಿ ಕಡೆಯವರು, ಹೋಟೆಲಿನಲ್ಲಿದ್ದವರು, ಇದೇ ಧಾಮದಲ್ಲಿ ಗುಣವಾಗಿ ಇಲ್ಲೇ ಅಡಿಗೆಗೆ ನಿಂತವರು. ಡಾಕ್ಟರರು ಅಳತೆಯ ಜವಾಬ್ದಾರಿಯನ್ನು ಅವರಿಗೇ ವಹಿಸಿದ್ದರು. ಅವರು ಹಗ್ಗ ಹಿಡಿದು ಅಳೆದು, ಅಣ್ಣ ನಿಲ್ಲುವ ಜಾಗಕ್ಕೆ ಸುಣ್ಣದ ಗೆರೆ ಎಳೆದರು. "ಗೆರೆ ದಾಟ್ಲಿಕ್ಕಿಲ್ಲ ಆಯ್ತಾ ಶಿವಾನಂದ್ರೆ? ಡಾಕ್ಟ್ರು ಮೇಲಿಂದ ನೋಡ್ತಾ ಇದ್ದಾರೆ."

ವೈನಿ ಗೇಟಿನಿಂದ ಪ್ರಭುವನ್ನು ಎತ್ತಿಕೊಂಡು ಬಂದರು. ಅಣ್ಣ ಮಗನನ್ನು ಮೊದಲ ಸಲ ನೋಡಿದ್ದು ಆಗ. ಗೆರೆಯ ಹಿಂದೆ ನಿಂತು, ಚಪ್ಪಲಿಯ ತುದಿ ಸುಣ್ಣಕ್ಕೆ ತಾಗಿಸಿ, ಕತ್ತು ಮುಂದೆ ಚಾಚಿ ನೋಡಿದ. ಪ್ರಭು ಅವನನ್ನು ಬಿಟ್ಟು ಭಟ್ಟರ ಕೈಯ ಸೌಟನ್ನು ನೋಡುತ್ತಿದ್ದ.

ನಾನು ಇಪ್ಪತ್ತು ಅಡಿ ದೂರ ನೆಲದ ಮೇಲೆ ಕೂತು, ಕ್ಯಾಮರಾವನ್ನು ಮೊಣಕಾಲಿನ ಮೇಲಿಟ್ಟು, ಸಣ್ಣ ಕಿಂಡಿಯಲ್ಲಿ ನೋಡಿದೆ. ವೈನಿ ಕೌದಿಯೊಳಗೆ ಮರೆಯಾದರು. "ಅಣ್ಣಾ, ಬಲಗೈ ಮುಂದ ಚಾಚು. ಇನ್ನೊಂದೀಟ ಕೆಳಗ. ನಿನ್ನ ಎಡಕ್ಕ. ಬಾಳಾತು, ಬಲಕ್ಕ." ಅವನು ಗಾಳಿಯಲ್ಲಿ ಅಂಗೈ ಬೋರಲು ಮಾಡಿ ನಿಂತ. ಬರಿಗಣ್ಣಿಗೆ, ಏನೂ ಇಲ್ಲದ ಕಡೆ ಕೈಯಿಟ್ಟು ನಿಂತ ಒಬ್ಬ ಬಡಕಲು ಮನುಷ್ಯ. ಕಿಂಡಿಯಲ್ಲಿ, ಮಗನ ನೆತ್ತಿಯ ಮೇಲೆ ಕೈಯಿಟ್ಟ ತಂದೆ.

ಆರನೆಯದಕ್ಕೆ ಪ್ರಭು ಅತ್ತು ತಲೆ ತಿರುಗಿಸಿದ. ಏಳನೆಯದಕ್ಕೆ ಎಲ್ಲ ಸರಿಯಾಗಿ ಕೂತಿತ್ತು, ಗುಂಡಿ ಒತ್ತುವ ಹೊತ್ತಿಗೆ ಅಣ್ಣನಿಗೆ ಕೆಮ್ಮು ಬಂದು ಮೈ ಬಾಗಿತು. ಕೆಮ್ಮು ನಿಲ್ಲುವವರೆಗೆ ಎಲ್ಲರೂ ಕಾದೆವು. ಕೌದಿ ಅಲುಗಾಡಲಿಲ್ಲ, ಒಳಗಿದ್ದವರಿಗೆ ಆ ಸದ್ದು ಬೆನ್ನ ಹಿಂದೆಯೇ ಕೇಳುತ್ತಿತ್ತು. ಮೇಲಿನ ಮಾಳಿಗೆಯಿಂದ ಡಾಕ್ಟರರು ಗಡಿಯಾರ ತೋರಿಸಿದರು. ನಾನು ರೀಲು ಸುತ್ತಿದೆ. ಕೆಂಪು ಕಿಂಡಿಯಲ್ಲಿ ಎಂಟು ಎಂಬ ಅಂಕಿ ಬಂದು ನಿಂತಿತು, ಅದರ ಮುಂದೆ ಇನ್ನಿಲ್ಲ.

"ಸನ್ನೆಕೋಲು ಎಳದಿ?" ಅಣ್ಣ ಅಲ್ಲಿಂದ ಕೂಗಿದ.

"ಎಳದೆ."

"ಹಂಗಾರ ತಗೀ. ನಾ ಉಸರ ಹಿಡೀತೇನಿ."

ಭಟ್ಟರು ನನ್ನ ಬೆನ್ನ ಹಿಂದೆ ಬಂದು ತಟ್ಟೆಗೆ ಸೌಟು ಬಡಿದರು. "ಓ ಪುಟ್ಟಾ, ಇಲ್ಲಿ ನೋಡಾ ಮಾರಾಯ!" ಪ್ರಭು ಕಣ್ಣರಳಿಸಿ ನೇರ ನನ್ನ ಕಡೆ ನೋಡಿದ. ಗುಂಡಿ ಒತ್ತಿದೆ. ಕ್ಲಿಕ್ ಎನ್ನುವುದಕ್ಕೂ ಆಗದಷ್ಟು ಸಣ್ಣ ಸದ್ದು. ವೈನಿ ಕೌದಿ ಸರಿಸಿ ಎದ್ದು ಹಿಂದೆ ತಿರುಗಿ ನೋಡಿದಾಗ ಅಣ್ಣ ಇನ್ನೂ ಉಸಿರು ಹಿಡಿದು, ಕೈ ಚಾಚಿಕೊಂಡೇ ನಿಂತಿದ್ದ. ಭಟ್ಟರು "ಆಯ್ತು, ಇನ್ನು ಕೈ ಇಳಿಸಿ" ಎಂದು ಮೆಲ್ಲಗೆ ಹೇಳಿದ ಮೇಲೆ ಇಳಿಸಿದ.

ಮಂಗಳವಾರ ಸಂಜೆ ಪಾರ್ಲೆಯ ಅಂಗಡಿಯಿಂದ ಫೋಟೊ ತಂದೆ, ಕಾರ್ಡಿನ ಅಳತೆಗೆ ದೊಡ್ಡದು ಮಾಡಿಸಿದ ಎರಡು ಪ್ರತಿ. ಅಣ್ಣನ ಗಣಿತದಲ್ಲಿ ಕೂದಲಷ್ಟೂ ತಪ್ಪಿರಲಿಲ್ಲ. ಕೌದಿಯ ಮುಂದೆ ಪ್ರಭು, ಅವನ ಹಿಂದೆಯೇ ಅಣ್ಣ, ಬೆರಳ ತುದಿಗಳು ಮಗನ ಕೂದಲಲ್ಲಿ ಹುದುಗಿವೆ. ವೈನಿ ದೀಪದ ಕೆಳಗೆ ಕೂತು ಬಹಳ ಹೊತ್ತು ನೋಡಿದರು. ಕೌದಿಯ ಒಳಗಿದ್ದ ಅವರು ಇದನ್ನು ಕಾಣುತ್ತಿದ್ದುದು ಅದೇ ಮೊದಲು.

ಚಿಗವ್ವ ಒದ್ದೆ ಕೈ ಒರೆಸಿಕೊಂಡು ಬಂದು ಬಗ್ಗಿ ನೋಡಿದಳು. "ಅಯ್ಯ, ಎಷ್ಟ ಬಡಕಲಾಗ್ಯಾನ," ಎಂದು ಕಣ್ಣೀರು ಹಾಕಿದಳು. ಮರುಗಳಿಗೆಗೆ ಅವಳ ಮುಖ ಬಿಳಿಚಿತು. "ಕೂಸಿನ ತಲಿ ಮ್ಯಾಲ ಕೈ ಇಟ್ಟಾನ! ಮುಟ್ಟಾಕ ಬಿಟ್ರಿ? ಎರಡ ದಿವಸ ಆತು, ಅದ ಕೂಸನ್ನ ನನ್ನ ಲೀಲಾ ಎತ್ತಿ ಎತ್ತಿ ಆಡಸಾಕತ್ಯಾಳ!" ಪ್ರಭು ಆಗ ಲೀಲಾಳ ಸೊಂಟದ ಮೇಲಿದ್ದ. ಚಿಗವ್ವ ಅವಳ ತೋಳು ಹಿಡಿದು ಎಳೆದಳು. ಹುಡುಗಿಗೆ ಏನೆಂದು ತಿಳಿಯಲಿಲ್ಲ, ಕೂಸನ್ನು ನೆಲಕ್ಕಿಳಿಸಿ ಗೋಡೆಗೆ ಅಂಟಿ ನಿಂತಳು. ಪ್ರಭು ಎರಡೂ ಕೈ ಎತ್ತಿ ಅವಳನ್ನೇ ಕರೆದ.

ನನಗೆ ತಡ ಎಲ್ಲಿಯದು? ಲೀಲಾಳ ನೋಟುಬುಕ್ಕು ಎಳೆದುಕೊಂಡು ಗೆರೆ ಹಾಕಿದೆ. "ಇಲ್ನೋಡ ಚಿಗವ್ವ, ಇದು ಕ್ಯಾಮರಾ. ಇಲ್ಲಿ ಕೂಸು, ಇಪ್ಪತ್ತ ಅಡಿ. ಇಲ್ಲಿ ಅಣ್ಣ, ಇಪ್ಪತ್ತೆಂಟು. ನಡುವ ಎಂಟ ಅಡಿ ಬಯಲು. ಅವ ಮುಟ್ಟೇ ಇಲ್ಲ."

"ನನಗ ಶಾಲಿ ಕಲಸಬ್ಯಾಡ ಸುಶೀ. ಫೋಟೋದಾಗ ಕಣ್ಣಿಗೆ ಕಾಣಾಕತ್ತೈತಿ. ಮನಷ್ಯಾ ಸುಳ್ಳ ಹೇಳ್ಯಾನು, ಫೋಟೊ ಸುಳ್ಳ ಹೇಳತೈತೇನು?"

ನಾನು ಮತ್ತೆ ಪೆನ್ಸಿಲ್ ಎತ್ತಿದೆ. ವೈನಿ ನನ್ನ ಕೈಯ ಮೇಲೆ ಕೈಯಿಟ್ಟರು. "ಬರಿಯೂದ ಬಿಡು ಸುಶೀ," ಎಂದು ಚಿಗವ್ವನ ಕಡೆ ತಿರುಗಿದರು. "ಹೌದ್ರೀ ಅತ್ತಿ. ಮುಟ್ಟ್ಯಾರ. ಅಪ್ಪ ಅದಾರ, ಮುಟ್ಟ್ಯಾರ."

ನಾನು ಪೆನ್ಸಿಲ್ ಕೆಳಗಿಟ್ಟೆ. ಚಿಗವ್ವ ಬೈಯಲಿಲ್ಲ. ರಾತ್ರಿ ಪ್ರಭುವಿನ ಹಾಲಿನ ಬಟ್ಟಲು ಬೇರೆ ಇಟ್ಟಳು, ನಮ್ಮ ಹಾಸಿಗೆ ಹೊರಗಿನ ಖೋಲಿಗೆ ಬಂತು, ಲೀಲಾ ಒಳಗೆ. ಚಾಳಿನಲ್ಲಿ ಸುದ್ದಿ ಹರಡಲು ಎಷ್ಟು ಹೊತ್ತು? ಮರುದಿನ ವೈನಿ ಬಕೆಟ್ಟು ಹಿಡಿದು ನಳದ ಸಾಲಿಗೆ ಹೋದಾಗ ಹೆಂಗಸರು ಸರಿದು ಜಾಗ ಬಿಟ್ಟರು. ವೈನಿ ನೀರು ತುಂಬಿಕೊಂಡು ತಲೆ ತಗ್ಗಿಸದೆ ಬಂದರು. ಒಂದು ಮಾತಿನಿಂದ ಇದೆಲ್ಲ ತಪ್ಪುತ್ತಿತ್ತಲ್ಲ ಎಂದು ನನಗೆ ಅವರ ಮೇಲೆ ಬಹಳ ಸಿಟ್ಟು ಬಂದಿತ್ತು.

ಅಂದು ಬುಧವಾರ, ಕೊನೆಯ ಭೇಟಿ. ಪ್ರಭುವನ್ನು ಬಿಟ್ಟು ಹೋಗಲು ಈಗ ಯಾರೂ ಇರಲಿಲ್ಲ. ನಾನು ಅವನನ್ನು ಎತ್ತಿಕೊಂಡು ಧಾಮದ ಗೇಟಿನ ಹೊರಗೆ ಹುಣಸೆಮರದ ಕೆಳಗೆ ಕೂತೆ. ವೈನಿ ಒಂದು ಪ್ರತಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಒಬ್ಬರೇ ಒಳಗೆ ಹೋದರು. ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಬರುವಾಗ ಅವರ ಕಣ್ಣು ಕೆಂಪಾಗಿದ್ದವು, ಮುಖ ಮಾತ್ರ ಶಾಂತವಾಗಿತ್ತು. "ಸುಶೀಗ ಹೇಳು, ಕೈ ಸರಿಯಾಗಿ ಕುಂತೈತಿ ಅಂದ್ರು," ಎಂದರು. ಕುದುರೆ ಗಾಡಿ ತಿರುಗುವವರೆಗೂ ತೆರೆದ ಪಡಸಾಲೆಯ ತುದಿಯಲ್ಲಿ ಅಣ್ಣನ ಬಿಳಿ ಅಂಗಿ ಕಾಣುತ್ತಿತ್ತು.

ಗುರುವಾರ ಚಿಗವ್ವ ದಾರಿಗೆ ಚಪಾತಿ, ಬೆಲ್ಲ ಕಟ್ಟಿಕೊಟ್ಟು ಬಾಗಿಲಲ್ಲಿ ನಿಂತು ಅತ್ತಳು. ಪ್ರಭುವಿಗೆ ದೂರದಿಂದಲೇ ದೃಷ್ಟಿ ತೆಗೆದಳು. ದಾದರಿನಲ್ಲಿ ಗಾಡಿ ಹತ್ತಿ, ಕಲ್ಯಾಣ ದಾಟಿದ ಮೇಲೆ ನಾನು ಕೇಳಿಯೇಬಿಟ್ಟೆ. "ಯಾಕ ಹಂಗ ಅಂದ್ರಿ ವೈನಿ? ಮುಟ್ಟಿಲ್ಲಲ್ಲ."

ವೈನಿ ಮಲಗಿದ್ದ ಪ್ರಭುವಿನ ಕಾಲು ಸರಿಪಡಿಸಿದರು. "ನಾ ಕೌದಿ ಒಳಗ ಇದ್ದೆ. ನನಗ ಏನೂ ಕಾಣ್ತಿದ್ದಿಲ್ಲ. ಹಿಂದ ಅವರು ಕೈ ಚಾಚಿ ನಿಂತಾರ ಅನ್ನೂದು ಒಂದ ಗೊತ್ತಿತ್ತು. ನೀ ಎಂಟ ಅಡಿ ಅಂತಿ. ನನಗ ಇಲ್ಲಿ ಬಿಸಿ ಹತ್ತಿದಂಗ ಆತು," ಎಂದು ಬೆನ್ನ ಮೇಲ್ಭಾಗ ಮುಟ್ಟಿ ತೋರಿಸಿದರು. ಸ್ವಲ್ಪ ತಡೆದು ಅಂದರು: "ನಾಳೆ ಇಂವ ದೊಡ್ಡಾವ ಆಗಿ, ಅಪ್ಪ ನನ್ನ ಒಮ್ಮೆರ ಮುಟ್ಟಿದ್ನೇನು ಅಂತ ಕೇಳತಾನ. ಇಲ್ಲಪಾ, ಗೆರಿ ಹಾಕಿ ದೂರ ನಿಂದರಸಿದ್ವಿ ಅಂತ ಹೇಳ್ಲೇನು? ನಾಲ್ಕ ಮಂದಿ ದೂರ ಸರದ್ರ ಸರೀಲಿ. ಅದನ್ನ ನಾ ತಾಳತೇನಿ, ಇದನ್ನ ತಾಳಂಗಿಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಅಣ್ಣ ಮುಂದಿನ ಮಳೆಗಾಲ ಮುಗಿಯುವವರೆಗೆ ಇದ್ದ. ಈಗ ಅವ್ವನೂ ಇಲ್ಲ. ಬುದ್ಧಿ ಬಂದ ಮೇಲೆ ಪ್ರಭುವಿಗೆ ವೈನಿಯೇ ಕೂಡಿಸಿಕೊಂಡು ಎಲ್ಲ ಹೇಳಿದ್ದಾರೆ. ಇನ್ನು ಬರೆಯಲು ಅಡ್ಡಿಯಿಲ್ಲ ಎಂದು ಇದನ್ನು ಬರೆದಿದ್ದೇನೆ.

ಆ ಶುಕ್ರವಾರ ಬೆಳಿಗ್ಗೆ ಬೆಳಗಾವಿಯಲ್ಲಿ ಇಳಿದಾಗ ಮಂಜು ಮುಸುಕಿತ್ತು. ಅವ್ವ ಹೊಸ್ತಿಲಲ್ಲೇ ನಿಂತಿದ್ದಳು. ಆರತಿ, ನೀರು ಯಾವುದೂ ಇಲ್ಲ, ಮೊದಲು ಕೈ ಚಾಚಿದಳು. ನಾನು ಫೋಟೊ ಕೊಟ್ಟೆ. ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು, ಮತ್ತೆ ಹತ್ತಿರ ತಂದಳು. ಆಮೇಲೆ ವೈನಿಯನ್ನು ಬಿಟ್ಟು ನನ್ನ ಕಡೆ ನೋಡಿದಳು. ನಾನು ಸುಳ್ಳು ಹೇಳುವವಳಲ್ಲ ಎಂದು ಅವಳಿಗೆ ಗೊತ್ತಿತ್ತು.

"ಮುಟ್ಟಿದ್ನಾ?"

ಅಂಜಿ ಕೇಳಿದಳೋ ಆಸೆಯಿಂದ ಕೇಳಿದಳೋ ದನಿಯಲ್ಲಿ ತಿಳಿಯಲಿಲ್ಲ. ಇಪ್ಪತ್ತು, ಇಪ್ಪತ್ತೆಂಟು ಎಂದು ನನ್ನ ತಲೆಯಲ್ಲಿ ಲೆಕ್ಕ ಓಡಿತು. ವೈನಿ ನೆಲ ನೋಡುತ್ತಿದ್ದರು.

"ಹೂಂ ಯವ್ವಾ," ಅಂದೆ. "ಮುಟ್ಟಿದ."

ಅವ್ವ ಫೋಟೋವನ್ನು ನನ್ನ ಕೈಗೆ ಕೊಟ್ಟು, ವೈನಿಯ ತೋಳಿನಿಂದ ಪ್ರಭುವನ್ನು ತೆಗೆದುಕೊಂಡಳು. ಟೊಪ್ಪಿಗೆ ಸರಿಸಿ ಅವನ ನೆತ್ತಿಗೆ ಮೂಗು ಹಚ್ಚಿ, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಂಡಳು. "ಅವಂದ ವಾಸನಿ," ಎಂದಳು. ಕೂಸು ಅಳತೊಡಗಿದರೂ ಬಹಳ ಹೊತ್ತು ಮುಖ ಎತ್ತಲಿಲ್ಲ.